ಬರ್ಲಿನ್‌ನ ಡಿಡಿಆರ್ ಮ್ಯೂಸಿಯಂಗೆ ಹೋಗುವವರಿಗೆ

1990ರಲ್ಲಿ ಇಲ್ಲವಾದ ಪೂರ್ವ ಜರ್ಮನಿಯಲ್ಲಿ (ಜರ್ಮನ್‌ನಲ್ಲಿ ಅದರ ಚುಟುಕು ಹೆಸರೇ ಡಿಡಿಆರ್) ಜನಸಾಮಾನ್ಯರ ಬದುಕು ಹೇಗಿತ್ತು ಎಂಬುದನ್ನು ಇಲ್ಲಿ ಮುಟ್ಟಿ ನೋಡಬಹುದು. ಸ್ಪ್ರೀ ನದಿಯ ದಂಡೆಯಲ್ಲಿ, ಬರ್ಲಿನ್ ಕೆಥೆಡ್ರಲ್‌ನ ಎದುರಿಗಿದೆ. ಮೆಟ್ರೋದ ಯು5 ಮಾರ್ಗದಲ್ಲಿ ‘ಮುಜಿಯಮ್ಸ್‌ಇನ್ಸೆಲ್’ ನಿಲ್ದಾಣದಲ್ಲಿ ಇಳಿದರೆ ನಡಿಗೆಯ ದೂರ.

ಜಾಗ ಚಿಕ್ಕದು, ಜನ ಹೆಚ್ಚು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಇಲ್ಲವಾದರೆ ಪೂರ್ವ ಜರ್ಮನಿಯದೇ ಆದ ಟ್ರಾಬಾಂಟ್ ಕಾರಿನ ಮುಂದೆ ಮಕ್ಕಳ ಸಾಲಿನಲ್ಲಿ ನಿಲ್ಲಬೇಕಾದೀತು. ಹಾಗೆ ನೋಡಿದರೆ ಆ ಕಾಲದಲ್ಲಿ ಇದೇ ಕಾರಿಗಾಗಿ ಜನ ಹತ್ತು ವರ್ಷಕ್ಕೂ ಹೆಚ್ಚು ಕಾದಿದ್ದರು! ಸ್ಟೀರಿಂಗ್ ಹಿಡಿದು ಕುಳಿತರೆ ಎದುರಿನ ಪರದೆಯ ಮೇಲೆ ಬೀದಿಗಳು ಸಾಗುತ್ತವೆ.

ಆದರೆ ಹೆಚ್ಚು ಸಮಯ ಕೊಡಬೇಕಾದದ್ದು ಕಾಂಕ್ರೀಟ್ ವಸತಿ ಸಮುಚ್ಚಯದ ಮಾದರಿ ಮನೆಗೆ. ಕಪಾಟು, ಸೆಳೆಖಾನೆಗಳನ್ನೆಲ್ಲ ತೆರೆಯಲು ಸಂಕೋಚ ಬೇಡ, ಅವು ಇರುವುದೇ ಅದಕ್ಕೆ. ಗುಪ್ತ ಪೊಲೀಸರಾದ ಸ್ಟಾಸಿ ಕದ್ದು ಕೇಳುತ್ತಿದ್ದ ಬಗೆಯನ್ನೂ ಇಲ್ಲೇ ತೋರಿಸಿದ್ದಾರೆ. ವಿವರಗಳು ಜರ್ಮನ್ ಜೊತೆಗೆ ಇಂಗ್ಲಿಷ್‌ನಲ್ಲೂ ಇವೆ.

ಇದು ಖಾಸಗಿ ಸಂಗ್ರಹಾಲಯ, ಟಿಕೆಟ್ ಉಂಟು. ನನ್ನ ಮಟ್ಟಿಗೆ ಆಟ ತುಸು ಹೆಚ್ಚಾಯಿತು, ನೋವಿನ ಕಥೆ ಕಡಿಮೆಯಾಯಿತು. ಆ ಕೊರತೆ ತುಂಬಿಕೊಳ್ಳಲು ಫ್ರೀಡ್ರಿಖ್‌ಸ್ಟ್ರಾಸೆ ನಿಲ್ದಾಣದ ಪಕ್ಕದ ‘ಟ್ರೇನೆನ್‌ಪಲಾಸ್ಟ್’ಗೆ ಹೋಗಿ, ಪಶ್ಚಿಮಕ್ಕೆ ಗಡಿ ದಾಟುವವರನ್ನು ಬಂಧುಗಳು ಬೀಳ್ಕೊಡುತ್ತಿದ್ದ ಜಾಗ, ಪ್ರವೇಶ ಉಚಿತ.