ಮೋಟಾರನ್ನು ಬಿಚ್ಚದೆ ಗೇರ್‌ಬಾಕ್ಸ್ ಬದಲಿಸಿದ್ದು: ನನ್ನ ಅನುಭವ

ಶಿರಸಿಯಲ್ಲಿರುವ ನನ್ನ ಅಂಗಡಿಯಲ್ಲಿ ಅಡಿಕೆ ತೋಟಗಳ ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್, ಅಂದರೆ ಸುಟ್ಟ ಸುರುಳಿಗೆ ಹೊಸ ತಂತಿ ಸುತ್ತುವುದೇ ಮುಖ್ಯ ಕೆಲಸ. ಮೂರು ವರ್ಷಗಳಿಂದ ಮಳೆಗಾಲ ಕಳೆದ ಮೇಲೆ ಶನಿವಾರ ಮಧ್ಯಾಹ್ನ ಹತ್ತಿರದ ಪ್ರೌಢಶಾಲೆಗೆ ಹೋಗಿ, ರೊಬೊಟಿಕ್ಸ್ ಸ್ಪರ್ಧೆಗೆ ತಯಾರಾಗುವ ಮಕ್ಕಳಿಗೆ ಮೋಟಾರು ಮತ್ತು ಗೇರ್‌ಬಾಕ್ಸುಗಳ (ಮೋಟಾರಿನ ವೇಗ ತಗ್ಗಿಸಿ ಬಲ ಹೆಚ್ಚಿಸುವ ಹಲ್ಲುಗಾಲಿಗಳ ಪೆಟ್ಟಿಗೆ) ಮಟ್ಟಿಗೆ ನೆರವಾಗುತ್ತಿದ್ದೇನೆ. ದಿನವಿಡೀ ಮೋಟಾರು ಬಿಚ್ಚುವವನು ಬಂದಿದ್ದಾನೆಂದು ಮಕ್ಕಳಿಗೆ ಹುರುಪು. ಆದರೆ ನಾನು ಹಾಕಿದ ಮೊದಲ ಷರತ್ತೇ ಮೋಟಾರಿನ ತಗಡಿನ ಕವಚಕ್ಕೆ ಕೈ ಹಚ್ಚಬಾರದು ಎಂಬುದಾಗಿತ್ತು.

ಇದಕ್ಕೆ ಕಾರಣವಿದೆ. ಪಂಪ್‌ಸೆಟ್ಟಿನ ಮೋಟಾರು ರಿಪೇರಿಗೆಂದೇ ಬೋಲ್ಟು ಹಾಕಿ ಕಟ್ಟಿದ್ದು. ರೋಬೋಟಿನ ಚಿಕ್ಕ ಡಿಸಿ (ಬ್ಯಾಟರಿಯಲ್ಲಿ ಓಡುವ) ಮೋಟಾರು ಹಾಗಲ್ಲ. ಅದರ ಹಿಂಬದಿಯ ಮುಚ್ಚಳವನ್ನು ಎಬ್ಬಿದರೆ ಕರೆಂಟು ಒಯ್ಯುವ ಬ್ರಷ್ಷುಗಳು ತಿರುಗುವ ಸುರುಳಿಯ ಕಮ್ಯುಟೇಟರಿನಿಂದ (ತಾಮ್ರದ ಉಂಗುರ) ಜಾರಿ ಒಳಕ್ಕೆ ಮಡಚಿಕೊಳ್ಳುತ್ತವೆ, ಮತ್ತೆ ಕೂರಿಸುವಾಗ ಹೆಚ್ಚಿನವು ಸೊಟ್ಟಗಾಗುತ್ತವೆ. ಸ್ಪರ್ಧೆಯ ನಿಯಮಗಳೂ ಅಡ್ಡ ಬರುತ್ತವೆ. 'ಫಸ್ಟ್ ರೊಬೊಟಿಕ್ಸ್ ಕಾಂಪಿಟಿಷನ್' ಎಂಬ ಅಂತರರಾಷ್ಟ್ರೀಯ ಪ್ರೌಢಶಾಲಾ ಸ್ಪರ್ಧೆಯ ನಿಯಮಾವಳಿಯಲ್ಲಿ ಮೋಟಾರಿನ ಒಳಗಿನ ಯಾಂತ್ರಿಕ ಹಾಗೂ ವಿದ್ಯುತ್ ರಚನೆಯನ್ನು ಬದಲಿಸುವಂತಿಲ್ಲ, ಹೊರಬರುವ ಶಾಫ್ಟನ್ನೂ ಕೂರಿಸುವ ಪಟ್ಟಿಯನ್ನೂ ಬದಲಿಸಬಹುದು. ನಮ್ಮ ಜಿಲ್ಲಾಮಟ್ಟದ ಸ್ಪರ್ಧೆಗಳಲ್ಲಿ ಇಷ್ಟು ಬಿಗಿ ಇರುವುದಿಲ್ಲವಾದರೂ ನಾನು ಅದೇ ಗೆರೆಯನ್ನು ಇಟ್ಟುಕೊಂಡೆ.

ಮೊದಲ ವರ್ಷದ ನಮ್ಮ ರೋಬೋಟು 3 ಕೆಜಿ ತೂಗುತ್ತಿತ್ತು, 7 ಸೆಂ.ಮೀ. ವ್ಯಾಸದ ಎರಡು ಚಕ್ರಗಳನ್ನು 12 ವೋಲ್ಟಿನ, ನಿಮಿಷಕ್ಕೆ 300 ಸುತ್ತಿನ ಎರಡು ಗೇರ್ ಮೋಟಾರುಗಳು ತಿರುಗಿಸುತ್ತಿದ್ದವು. ನೆಲದ ಮೇಲೆ ಕುದುರೆಯಂತೆ ಓಡುತ್ತಿದ್ದ ಅದು 15 ಡಿಗ್ರಿ ಇಳಿಜಾರಿನ ಹಲಗೆಯನ್ನು ಹತ್ತುವಾಗ ನಡುವೆ ನಿಂತು ಗುಂಯ್ಗುಡತೊಡಗಿತು. ಒಬ್ಬ ಹುಡುಗ, "ಸರ್, ಕಡಿಮೆ ಸುತ್ತು ಹಾಕಿ ರಿವೈಂಡ್ ಮಾಡಿಕೊಡಿ, ಪವರ್ ಜಾಸ್ತಿ ಆಗ್ತದಲ್ಲ?" ಎಂದು ಕೇಳಿದ. ಸುರುಳಿಯ ತಂತಿಯ ಸುತ್ತು ಕಡಿಮೆಯಾದರೆ ವೇಗ ಹೆಚ್ಚುವುದು ನಿಜ, ಆದರೆ ಸುರುಳಿಯ ರೋಧವೂ ಇಳಿಯುವುದರಿಂದ ಹೊರೆ ಬಿದ್ದಾಗ ಕರೆಂಟು ಏರಿ, ತಂತಿಯ ಮೇಲಿನ ಇನಾಮೆಲ್ ಲೇಪ ಸುಟ್ಟು, ಪಂಪ್‌ಸೆಟ್ ಸುಟ್ಟಾಗ ಬರುವ ವಾಸನೆಯೇ ಇಲ್ಲಿಯೂ ಬರುತ್ತದೆ.

ಹಲಗೆಯ ಮೇಲೆಯೇ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆವು. 15 ಡಿಗ್ರಿಯಲ್ಲಿ 3 ಕೆಜಿಯನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 7.6 ನ್ಯೂಟನ್, ಅಂದರೆ ಸುಮಾರು 0.78 ಕೆಜಿಯ ಭಾರದಷ್ಟು. ಚಕ್ರದ ತ್ರಿಜ್ಯ 3.5 ಸೆಂ.ಮೀ. ಆದ್ದರಿಂದ ಒಟ್ಟು ಬೇಕಾದ ಟಾರ್ಕ್ (ತಿರುಗಿಸುವ ಬಲ) ಸುಮಾರು 2.7 ಕೆಜಿ-ಸೆಂ.ಮೀ., ಒಂದೊಂದು ಮೋಟಾರಿನ ಪಾಲಿಗೆ 1.35, ಘರ್ಷಣೆಯ ಲೆಕ್ಕ ಬೇರೆ. ನಮ್ಮ ಮೋಟಾರಿನ ಚೀಟಿಯಲ್ಲಿದ್ದ ಸ್ಟಾಲ್ ಟಾರ್ಕ್, ಅಂದರೆ ಶಾಫ್ಟು ಪೂರ್ತಿ ನಿಲ್ಲುವಾಗಿನ ಬಲ, 3 ಕೆಜಿ-ಸೆಂ.ಮೀ. ಅದರ ಕಾಲು ಭಾಗಕ್ಕಿಂತ ಹೆಚ್ಚು ಬಲವನ್ನು ಬಹಳ ಹೊತ್ತು ಕೇಳಬಾರದು ಎಂಬುದು ನಾನು ಪಾಲಿಸುವ ಲೆಕ್ಕ. ನಾವು ಅರ್ಧದಷ್ಟು ಕೇಳುತ್ತಿದ್ದೆವು. ಅದೇ ಜಾತಿಯ, ನಿಮಿಷಕ್ಕೆ 100 ಸುತ್ತಿನ ಗೇರ್‌ಬಾಕ್ಸ್ ಹಾಕಿದರೆ ಬಲ ಹತ್ತಿರಹತ್ತಿರ ಮೂರು ಪಟ್ಟಾಗುತ್ತದೆ. ವೇಗ ಮಾತ್ರ ಸೆಕೆಂಡಿಗೆ 1.1 ಮೀಟರಿನಿಂದ 37 ಸೆಂ.ಮೀ.ಗೆ ಇಳಿಯುತ್ತದೆ. ಮಕ್ಕಳಿಗೆ ಇದು ನುಂಗಲಾರದ ತುತ್ತಾಯಿತು, ಆದರೂ ಒಪ್ಪಿದರು.

ಲ್ಯಾಬಿನ ಕಪಾಟಿನಲ್ಲಿ ಮೋಟಾರು ಸುಟ್ಟುಹೋಗಿದ್ದ 100 ಸುತ್ತಿನ ಎರಡು ಗೇರ್ ಮೋಟಾರುಗಳಿದ್ದವು; ಅವುಗಳ ಗೇರ್‌ಬಾಕ್ಸನ್ನೇ ನಮ್ಮ ಮೋಟಾರುಗಳಿಗೆ ಹಾಕಲು ಹೊರಟೆವು. ಗೇರ್‌ಬಾಕ್ಸ್ ಕಳಚುವ ಮೊದಲು ಬ್ಯಾಟರಿಯ ಕನೆಕ್ಟರ್ ಎಳೆದು ಅದನ್ನು ಬೇರೆ ಮೇಜಿನ ಮೇಲಿಡುವುದು ನಮ್ಮಲ್ಲಿ ಕಡ್ಡಾಯ; ಹಲ್ಲುಗಳ ನಡುವೆ ಬೆರಳಿದ್ದಾಗ ಯಾರೋ ಸ್ವಿಚ್ಚು ಒತ್ತಿದರೆ ಚಿಕ್ಕ ಮೋಟಾರೂ ಚರ್ಮ ಹರಿಯುತ್ತದೆ. ಸ್ಟೀಲಿನ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ, ಹೊರಶಾಫ್ಟು ಕೆಳಮುಖವಾಗಿರುವಂತೆ ಹಿಡಿದು, ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿ ಮೋಟಾರನ್ನು ಮೇಲಕ್ಕೆ ಎತ್ತಿದೆವು. ಹೀಗೆ ಮಾಡಿದರೆ ಗೇರುಗಳು ತಮ್ಮ ಪಿನ್ನುಗಳ ಮೇಲೆ ಕುಳಿತೇ ಇರುತ್ತವೆ. ಒಂದೊಂದು ಪದರಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆವು. ತೆಗೆದ ಗೇರುಗಳನ್ನಿಟ್ಟ ಡಬ್ಬಿಯ ಮೇಲೆ ಒಬ್ಬಳು 'ಗೇರು' ಎಂದು ಬರೆದಿದ್ದರಿಂದ, ಬಿಸಿಯೂಟದ ಅಕ್ಕ ಗೇರುಬೀಜವೆಂದುಕೊಂಡು ಮುಚ್ಚಳ ತೆಗೆದು, ಮುಖ ಸಿಂಡರಿಸಿ ಮುಚ್ಚಿಟ್ಟರು.

ಜೋಡಿಸುವ ಮುನ್ನ ನಮ್ಮ ಮೋಟಾರಿನ ಮತ್ತು ಸುಟ್ಟ ಮೋಟಾರಿನ ಪಿನಿಯನ್ನಿನ (ಮೋಟಾರಿನ ಶಾಫ್ಟಿಗೆ ಕೂರಿಸಿದ ಪುಟ್ಟ ಗೇರು) ಹಲ್ಲುಗಳನ್ನು ಎಣಿಸಿದೆವು. ಹೊರಗಿನಿಂದ ಒಂದೇ ಅಳತೆ ಕಂಡರೂ ಗೇರ್ ಅನುಪಾತ ಬೇರೆಯಾದಾಗ ಪಿನಿಯನ್ ಬೇರೆಯಿರುವುದುಂಟು. ಹಲ್ಲು ಹೊಂದದಿದ್ದರೆ ಅಲ್ಲಿಗೇ ಬಿಡಬೇಕು. ನಮ್ಮದು ಹೊಂದಿತು. ಹಳೆಯ ಕಪ್ಪು ಗ್ರೀಸನ್ನು ಒರೆಸಿ, ಪ್ರತಿ ಲೋಹದ ಗೇರಿಗೂ ಮೆಣಸಿನ ಕಾಳಿನಷ್ಟು ಹೊಸ ಗ್ರೀಸ್ ಹಚ್ಚಿದೆವು. ಪ್ಲಾಸ್ಟಿಕ್ ಗೇರಾದರೆ ಸಿಲಿಕೋನ್ ಗ್ರೀಸ್ ಹಾಕುವುದು ಕ್ಷೇಮ, ಏಕೆಂದರೆ ಕೆಲವು ಪ್ಲಾಸ್ಟಿಕ್ಕುಗಳು ಪೆಟ್ರೋಲಿಯಂ ಗ್ರೀಸಿಗೆ ಬಿರುಕು ಬಿಡುತ್ತವೆ. ಗೇರ್‌ಬಾಕ್ಸಿನ ಮುಖಕ್ಕೆ ಹಾಕುವ ಸ್ಕ್ರೂ ಉದ್ದವಾದರೆ ಅದರ ತುದಿ ಒಳಗಿನ ಗೇರಿಗೇ ತಾಗುತ್ತದೆ. ಆದ್ದರಿಂದ ಉದ್ದವನ್ನು ಅಳೆದು, ಮೊದಲು ಕೈಯಲ್ಲಿ ಶಾಫ್ಟು ತಿರುಗಿಸಿ ನೋಡಿದೆವು.

ತಪ್ಪು ಮಾಡಿದವನು ನಾನೇ. ಚಕ್ರವನ್ನು ಶಾಫ್ಟಿಗೆ ಬಿಗಿಯುವ ಪುಟ್ಟ ಗ್ರಬ್ ಸ್ಕ್ರೂ ಕಚ್ಚಿಕೊಳ್ಳಲೆಂದು ಒಂದು ಬಿಡಿ ಮೋಟಾರಿನ ದುಂಡು ಶಾಫ್ಟನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡುವಾಗ, ಅವಸರದಲ್ಲಿ ಶಾಫ್ಟನ್ನು ಮೇಲ್ಮುಖವಾಗಿ ವೈಸಿಗೆ ಕಚ್ಚಿಸಿದ್ದೆ. ಕಬ್ಬಿಣದ ಪುಡಿ ಬೇರಿಂಗಿನ ಸಂದಿಯಿಂದ ಇಳಿದು ಒಳಗಿನ ಅಯಸ್ಕಾಂತಕ್ಕೆ ಅಂಟಿಕೊಂಡಿತು. ಮೋಟಾರು ಕರಕರ ಎನ್ನುತ್ತ ಎರಡು ದಿನ ತಿರುಗಿ ನಿಂತಿತು. ಈಗ ಶಾಫ್ಟಿನ ಬುಡಕ್ಕೆ ಟೇಪು ಸುತ್ತಿ, ಅದನ್ನು ಕೆಳಮುಖವಾಗಿ ಹಿಡಿದೇ ಅರ ಹಾಕುತ್ತೇವೆ, ಕಣ್ಣಿಗೆ ಕನ್ನಡಕ ಇರಲೇಬೇಕು. ಪಿನಿಯನ್ನನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದನ್ನೂ ಬಿಟ್ಟೆವು. ಶಾಫ್ಟಿನ ಹಿಂದಿನ ತುದಿಗೆ ಆಸರೆ ಕೊಟ್ಟು ವೈಸಿನಲ್ಲಿ ಮೆಲ್ಲಗೆ ಒತ್ತುತ್ತೇವೆ.

ಕರೆಂಟಿನ ವಿಷಯದಲ್ಲಿ ಮಕ್ಕಳು ಶಾಫ್ಟನ್ನು ಇಕ್ಕಳದಿಂದ ಹಿಡಿದು ನಿಲ್ಲಿಸಿ ಅಳೆಯಹೊರಟಿದ್ದರು. ಗೇರ್ ಮೋಟಾರಿನಲ್ಲಿ ಹಾಗೆ ಮಾಡಿದರೆ ಹಲ್ಲೇ ಮುರಿಯಬಹುದು. ಅದರ ಬದಲು ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಏಳೆಂಟು ಕಡೆ ಮಲ್ಟಿಮೀಟರಿನಲ್ಲಿ ರೋಧ ಅಳೆದು, ಅತಿ ಕಡಿಮೆಯದನ್ನು ಹಿಡಿದೆವು. 4 ಓಮ್ ಬಂತು. 12 ವೋಲ್ಟಿಗೆ ಸ್ಟಾಲ್ ಕರೆಂಟು, ಅಂದರೆ ಶಾಫ್ಟು ನಿಂತಾಗ ಹರಿಯುವ ಕರೆಂಟು, 3 ಆಂಪಿಯರ್. ನಮ್ಮಲ್ಲಿದ್ದ ಎಲ್298 ಡ್ರೈವರ್ (ಮೋಟಾರಿಗೆ ಕರೆಂಟು ಕೊಟ್ಟು ನಿಯಂತ್ರಿಸುವ ಚಿಪ್) ಒಂದು ಚಾನೆಲ್ಲಿಗೆ, ಅಂದರೆ ಒಂದು ಮೋಟಾರಿಗೆ, 2 ಆಂಪಿಯರ್ ಮಾತ್ರ ತಾಳುವಂಥದ್ದು, ಹಾಗಾಗಿ ಬೇರೆ ಡ್ರೈವರ್ ತರಿಸಿದೆವು. ಬ್ಯಾಟರಿಯ ಪ್ಲಸ್ ತಂತಿಗೆ ಗ್ಯಾರೇಜಿನಲ್ಲಿ ಸಿಗುವ 5 ಆಂಪಿಯರ್ ಬ್ಲೇಡ್ ಫ್ಯೂಸ್ ಹಾಕಿದೆವು.

ಸ್ಪರ್ಧೆಗೆ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋದೆವು. ರೋಬೋಟು ಇಳಿಜಾರನ್ನು ನಿಧಾನವಾಗಿ, ಎಲ್ಲಿಯೂ ನಿಲ್ಲದೆ ಹತ್ತಿತು. ಓಟದ ಸುತ್ತಿನಲ್ಲಿ ಮಾತ್ರ ಎಲ್ಲರಿಗಿಂತ ಹಿಂದೆ ಬಿತ್ತು. ಕಡಲ ಗಾಳಿಯ ಉಪ್ಪು ಸ್ಕ್ರೂ, ಶಾಫ್ಟುಗಳಿಗೆ ಬೇಗ ತುಕ್ಕು ಹಿಡಿಸುವುದರಿಂದ, ಊರಿಗೆ ಬಂದ ಮಾರನೆಯ ದಿನವೇ ಎಲ್ಲ ಮೋಟಾರುಗಳನ್ನು ಒರೆಸಿ, ಶಾಫ್ಟಿಗೆ ತೆಳುವಾಗಿ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟೆವು.