ಟಿಬಿ ಪರೀಕ್ಷೆಗೆ ಕಫ ತೆಗೆಸುವುದು ಹೇಗೆ: ಆಶಾ ಮತ್ತು ಆರೋಗ್ಯ ಕಾರ್ಯಕರ್ತರಿಗೆ

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ: ಇವುಗಳಲ್ಲಿ ಒಂದಿದ್ದರೂ ಪರೀಕ್ಷೆಗೆ ಕಳಿಸಿ. ಎಚ್‌ಐವಿ ಇದ್ದವರಲ್ಲಿ ಎರಡು ವಾರ ಕಾಯುವುದು ಬೇಡ. ಶಹಾಬಾದ್ ಕಡೆ ಕಲ್ಲಿನ ಕೆಲಸದವರು ‘ಅದು ಧೂಳಿನ ಕೆಮ್ಮುರಿ’ ಅಂತಾರೆ. ಧೂಳಿನಿಂದ ಶ್ವಾಸಕೋಶ ಕೆಟ್ಟವರಿಗೇ ಟಿಬಿ ಬೇಗ ಅಂಟುತ್ತದೆ, ಆ ಮಾತು ನಂಬಿ ವಾಪಸ್ ಬರಬೇಡಿ.

ಕಫ ಪರೀಕ್ಷಿಸುವ ಯಂತ್ರ ಎಷ್ಟೇ ಒಳ್ಳೆಯದಿರಲಿ, ಡಬ್ಬಿಯಲ್ಲಿ ಬರೀ ಉಗುಳಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಬೇಕಾದದ್ದು 2ರಿಂದ 5 ಮಿ.ಲೀ. ಗಟ್ಟಿ, ಹಳದಿ ಛಾಯೆಯ ಕಫ. ನೀರಿನಂತೆ ತೆಳ್ಳಗಿದ್ದು ನೊರೆ ಬಂದಿದ್ದರೆ ಮತ್ತೆ ತೆಗೆಸಿ. ಮೊದಲ ಮಾದರಿ ರೋಗಿ ಬಂದಾಗಲೇ, ಎರಡನೆಯದು ಮರುದಿನ ಎದ್ದ ಕೂಡಲೇ. ಗುಟ್ಕಾ, ಎಲೆಅಡಿಕೆ ತಿಂದ ಬಾಯಾದರೆ ಬರೀ ನೀರಿನಲ್ಲಿ ಚೆನ್ನಾಗಿ ಮುಕ್ಕಳಿಸಿಸಿ, ಅಡಿಕೆ ಚೂರು ಬೀಳಬಾರದು. ಮೂರು ಸಲ ಉಸಿರು ಆಳಕ್ಕೆ ಎಳೆಸಿ, ‘ಅಕ್ಕಾ, ಎದಿಯಾಗಿಂದ ಕ್ಯಾಕರಿಸಿ ಹಾಕ್ರಿ, ಬರೀ ಉಗುಳ ಬ್ಯಾಡ’ ಎಂದು ಬಿಡಿಸಿ ಹೇಳಿ. ಇದು ಬಯಲಲ್ಲಿ, ಮರದ ನೆರಳಲ್ಲಿ ಆಗಲಿ. ಮುಚ್ಚಿದ ಕೋಣೆ, ಅಡುಗೆಮನೆ ಬೇಡವೇ ಬೇಡ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುವಂತೆ ನಿಲ್ಲಿ.

ಹೆಸರು, ನಿಕ್ಷಯ್ (ಸರ್ಕಾರದ ಟಿಬಿ ರೋಗಿಗಳ ಆನ್‌ಲೈನ್ ದಾಖಲೆ) ಐಡಿ, ದಿನಾಂಕವನ್ನು ಡಬ್ಬಿಯ ಮೈಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಲ್ಯಾಬಿನಲ್ಲಿ ಮುಚ್ಚಳ ಬದಲಾದಾಗ ರೋಗಿಯೇ ಬದಲಾಗುತ್ತಾನೆ. ಮೇ ತಿಂಗಳ ಕಲಬುರಗಿ, ಯಾದಗಿರಿ ಬಿಸಿಲಲ್ಲಿ ಡಬ್ಬಿಯನ್ನು ಬೈಕಿನ ಡಿಕ್ಕಿಗೆ ಹಾಕಿದರೆ ಮಾದರಿ ಕೆಡುತ್ತದೆ. ಜೆಲ್ ಪ್ಯಾಕ್ ಇರುವ ಕೋಲ್ಡ್ ಬಾಕ್ಸ್‌ನಲ್ಲೇ ಕಳಿಸಿ.

ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ (ಕಫದಲ್ಲಿ ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಯಂತ್ರಗಳು) ವರದಿಯಲ್ಲಿ ‘ಎರರ್’, ‘ಇನ್‌ವ್ಯಾಲಿಡ್’ ಎಂದಿದ್ದರೆ ಅದು ನೆಗೆಟಿವ್ ಅಲ್ಲ, ಹೊಸ ಮಾದರಿ ಕೊಡಿಸಿ. ನೆಗೆಟಿವ್ ಬಂದರೂ ಲಕ್ಷಣ ಉಳಿದಿದ್ದರೆ ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಿ. ಹಿಂದೆ ಚಿಕಿತ್ಸೆ ಆಗಿತ್ತೇ ಎಂದು ಮೊದಲೇ ಕೇಳಿಕೊಳ್ಳಿ: ಸತ್ತ ಕ್ರಿಮಿಯ ಡಿಎನ್‌ಎಯನ್ನೂ ಈ ಯಂತ್ರ ಹಿಡಿಯುತ್ತದೆ, ಹಾಗಾಗಿ ವಾಸಿಯಾದವರಲ್ಲೂ ಪಾಸಿಟಿವ್ ಬರಬಹುದು. ರಿಫಾಂಪಿಸಿನ್‌ಗೆ (ಟಿಬಿಯ ಮುಖ್ಯ ಔಷಧ) ಬಗ್ಗದ ಟಿಬಿ ಎಂದು ಬಂದರೆ ಸಾಮಾನ್ಯ ಗುಳಿಗೆ ಶುರು ಮಾಡದೆ ಜಿಲ್ಲಾ ಟಿಬಿ ಕೇಂದ್ರಕ್ಕೆ ಕಳಿಸಿ.

ಸಾಮಾನ್ಯ ಟಿಬಿಗೆ 6 ತಿಂಗಳು, ದಿನಾ ಗುಳಿಗೆ. ಸಂಖ್ಯೆ ತೂಕದ ಮೇಲೆ: ವಯಸ್ಕರಲ್ಲಿ 35–49 ಕೆ.ಜಿ.ಗೆ 3, 50–64ಕ್ಕೆ 4. ಹಾಗಾಗಿ ಅಂದಾಜು ಬೇಡ, ತೂಗಿ. ಮೂತ್ರ ಕೆಂಪಾದರೆ ಹೆದರಬೇಡಿ ಎಂದು ಮೊದಲ ದಿನವೇ ಹೇಳಿ, ಇಲ್ಲವಾದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಗುಳಿಗೆ ನಿಲ್ಲಿಸಿ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ.

ಗುಳೆ ಹೋಗುವವರಿದ್ದರೆ ಪುಣೆಯೋ ಬೆಂಗಳೂರೋ ಕೇಳಿ, ನಿಕ್ಷಯ್‌ನಲ್ಲಿ ವರ್ಗಾವಣೆ ಮಾಡಿಸಿ, ದಾರಿಗೆ ಸಾಕಾಗುವಷ್ಟು ಗುಳಿಗೆ ಕೈಗೆ ಕೊಡಿ. ತಿಂಗಳಿಗೆ 1000 ರೂಪಾಯಿ ಪೋಷಣೆ ಹಣ ಬರಲು ಬ್ಯಾಂಕ್ ಖಾತೆ ಜೋಡಣೆಯಾಗಿದೆಯೇ ಎಂಬುದನ್ನು ಅವರು ಬಸ್ ಹತ್ತುವ ಮೊದಲೇ ನೋಡಿಕೊಳ್ಳಿ.