ಡಿಪ್ಲಾಯ್‌ಮೆಂಟ್ ಆರ್ಡರ್ ಬಂತಾ? ಅಮೆರಿಕ ಸೇನೆಯಲ್ಲಿರುವ ಮೈಸೂರು, ಮಂಡ್ಯದವರಿಗೆ

ಅಮೆರಿಕ ಸೇನೆಗೆ ಸಿಪಾಯಿಯಾಗಿ ಸೇರಲು ಗ್ರೀನ್ ಕಾರ್ಡ್ ಇದ್ದರೂ ಸಾಕು. ಸೇರಿದ ಮೇಲೆ ಇವತ್ತಲ್ಲ ನಾಳೆ ಕುವೈತ್‌ಗೋ ಇರಾಕ್‌ಗೋ ಹೊರಡಿ ಅಂತ ಆರ್ಡರ್ ಬರಬಹುದು. ಭೂಸೇನೆಯಲ್ಲಿ ಈಗ ಸಾಮಾನ್ಯವಾಗಿ ಒಂಬತ್ತು ತಿಂಗಳು. 2007ರಲ್ಲಿ ಇರಾಕ್‌ಗೆ ಹೋದ ಎಷ್ಟೋ ಜನ 15 ತಿಂಗಳು ಅಲ್ಲೇ ಇರಬೇಕಾಯಿತು. ಬಂದೂಕು ಹಿಡಿಯೋದು, ಗಾಯಕ್ಕೆ ಪಟ್ಟಿ ಕಟ್ಟೋದು ಎಲ್ಲ ಸೇನೆಯೇ ಕಲಿಸುತ್ತದೆ. ಊರಿನಲ್ಲಿರುವ ಅಪ್ಪ ಅಮ್ಮನ ಬಗ್ಗೆ ಮಾತ್ರ ನೀವೇ ಯೋಚನೆ ಮಾಡಬೇಕು. ಸೇನೆಯ ಲೆಕ್ಕದಲ್ಲಿ ಮನೆಯವರು ಅಂದರೆ ಮೊದಲು ಗಂಡ ಅಥವಾ ಹೆಂಡತಿ, ಮಕ್ಕಳು. ಅಪ್ಪ ಅಮ್ಮ ಆಮೇಲೆ.

ಹೊರಡುವ ಮುಂಚೆ ಡಿಡಿ ಫಾರ್ಮ್ 93 ಅನ್ನೋದನ್ನು ತುಂಬಿಸುತ್ತಾರೆ, ಅಥವಾ ಹಳೆಯದನ್ನು ಸರಿಪಡಿಸುತ್ತಾರೆ. ನಿಮಗೇನಾದರೂ ಆದರೆ ಯಾರಿಗೆ ತಿಳಿಸಬೇಕು ಅಂತ ಸೇನೆ ನೋಡುವುದು ಇದನ್ನೇ. ಸಾಲಿನಲ್ಲಿ ನಿಂತು ಅವಸರದಲ್ಲಿ ತುಂಬುವ ಫಾರ್ಮ್ ಅಲ್ಲ ಇದು. ಅಪ್ಪ ಅಮ್ಮನ ವಿಳಾಸಕ್ಕೆ ಜಾಗ ಇದೆ. ಅಲ್ಲಿ 'ಮಾರಮ್ಮನ ಗುಡಿ ಹಿಂದೆ, ಗುತ್ತಲು' ಅಂತ ಬರೆದರೆ ಅಂಚೆಯವನಿಗೆ ಗೊತ್ತಾಗುತ್ತದೆ, ವಾಷಿಂಗ್ಟನ್‌ನಲ್ಲಿ ಕೂತವರಿಗೆ ಗೊತ್ತಾಗಲ್ಲ. ಮನೆ ನಂಬರು, ಕ್ರಾಸು, ಪಿನ್ ಕೋಡು, 91 ಸೇರಿಸಿದ ಫೋನ್ ನಂಬರು ಎಲ್ಲ ಬರೆಯಿರಿ. ಅದೇ ಫಾರ್ಮಿನಲ್ಲಿ ಇನ್ನೊಂದು ಕಾಲಂ ಇದೆ, ಎಷ್ಟೋ ಜನ ಖಾಲಿ ಬಿಡುತ್ತಾರೆ: ಆರೋಗ್ಯ ಸರಿಯಿಲ್ಲದ ಕಾರಣ ಯಾರಿಗೆ ನೇರವಾಗಿ ತಿಳಿಸಬಾರದು, ಅವರ ಬದಲು ಯಾರಿಗೆ ತಿಳಿಸಬೇಕು ಅಂತ. ಅಪ್ಪನಿಗೆ ಹಾರ್ಟ್ ಆಪರೇಷನ್ ಆಗಿದ್ದರೆ ಅಲ್ಲಿ ಅಣ್ಣನದೋ ಭಾವನದೋ ಹೆಸರು ಬರೆಯಿರಿ. ಹೀಗೆ ಹೆಸರು ಬರೆದಿದ್ದೀನಿ ಅಂತ ಅವರಿಗೂ ಹೇಳಿ.

ಸೇನೆಯ ಜೀವವಿಮೆ 2023ರ ಮಾರ್ಚ್‌ನಿಂದ 5 ಲಕ್ಷ ಡಾಲರ್‌ವರೆಗೆ ಇದೆ. ಅದರಲ್ಲಿ ಅಮ್ಮನ ಹೆಸರನ್ನೂ ಹಾಕಬಹುದು. ಆದರೆ ಹೆಂಡತಿಯನ್ನು ಬಿಟ್ಟು ಬೇರೆಯವರ ಹೆಸರು ಹಾಕಿದರೆ ಸೇನೆ ಹೆಂಡತಿಗೆ ತಿಳಿಸುತ್ತದೆ. ಮೊದಲೇ ಮಾತಾಡಿಕೊಳ್ಳೋದು ಒಳ್ಳೇದು, ಅಲ್ವಾ? ಯುದ್ಧ ವಲಯದಲ್ಲಿದ್ದಷ್ಟು ತಿಂಗಳು ಸಿಪಾಯಿಗಳ ಸಂಬಳಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ.

ಕಾರು, ಬ್ಯಾಂಕು ನೋಡಿಕೊಳ್ಳಲು ಪವರ್ ಆಫ್ ಅಟಾರ್ನಿಯನ್ನು ಸೇನಾ ನೆಲೆಯ ಕಾನೂನು ಕಚೇರಿ ಪುಕ್ಕಟೆ ಮಾಡಿಕೊಡುತ್ತದೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅದು ನಡೆಯುತ್ತದೆ. ಶ್ರೀರಂಗಪಟ್ಟಣದ ಸೈಟಿಗೋ ಮದ್ದೂರಿನ ಗದ್ದೆಗೋ ಅದೇ ಕಾಗದ ಕಳಿಸಿ ಕೆಲಸ ಆಯಿತು ಅಂದುಕೊಳ್ಳಬೇಡಿ. ಅದಕ್ಕೆ ಭಾರತದ ಕಾನ್ಸುಲೇಟ್ ದೃಢೀಕರಣ ಮಾಡಿಸಿ ಕಳಿಸಿ. ಕಾಗದ ಊರಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು.

ಇನ್ನು ಅಲ್ಲಿನ ಬದುಕು. ಬಹಳ ದಿನ ಕಾವಲು, ರಿಪೇರಿ, ಕ್ಯೂ, ಬೇಜಾರು. ಕುವೈತ್‌ನ ಬೇಸಿಗೆಯಲ್ಲಿ 50 ಡಿಗ್ರಿ. ಊಟದ ಹಾಲ್‌ನಲ್ಲಿ ಕೆಲಸ ಮಾಡುವವರಲ್ಲಿ ಭಾರತ, ನೇಪಾಳದವರೂ ಸಿಗುತ್ತಾರೆ. ಹೊರಗೆ ಹೋದಾಗ ಪ್ಯಾಕೆಟ್ ಊಟ. ಅದರ 24 ಬಗೆಯಲ್ಲಿ ನಾಲ್ಕು ಮಾತ್ರ ಸಸ್ಯಾಹಾರ, ಅವೂ ಬೇಗ ಖಾಲಿ. ನಡುವೆ ಒಂದು ರಾತ್ರಿ ಸೈರನ್ ಕೂಗುತ್ತದೆ, ಚಪ್ಪಲಿ ಹುಡುಕದೆ ಬಂಕರ್‌ಗೆ ಓಡಬೇಕು. 2020ರ ಜನವರಿ 8ರಂದು ಇರಾನ್ ಇರಾಕ್‌ನ ಅಲ್ ಅಸದ್ ನೆಲೆಗೆ ಕ್ಷಿಪಣಿ ಹಾರಿಸಿದಾಗ ಅಮೆರಿಕದವರು ಯಾರೂ ಸಾಯಲಿಲ್ಲ. ಆದರೆ ನೂರಕ್ಕೂ ಜಾಸ್ತಿ ಜನರ ಮಿದುಳಿಗೆ ಪೆಟ್ಟಾಗಿದೆ ಅಂತ ಆಮೇಲೆ ಗೊತ್ತಾಯಿತು. ಹತ್ತಿರದಲ್ಲಿ ಸ್ಫೋಟವಾಗಿ ತಲೆನೋವು ಶುರುವಾದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ ದಾಖಲೆ ಮಾಡಿಸಿ. ನಿವೃತ್ತಿಯ ನಂತರ ಪರಿಹಾರ ಕೇಳುವಾಗ ಆ ಕಾಗದವೇ ಆಧಾರ.

ಊರಿನವರಿಗೆ ಒಂದು ಮಾತು. ಮಗಳು ಯಾವ ದಿನ, ಯಾವ ಊರಿಗೆ ಹೋಗುತ್ತಾಳೆ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಕುವೈತ್‌ಗೂ ನಮಗೂ ಎರಡೂವರೆ ಗಂಟೆ ಅಷ್ಟೇ ವ್ಯತ್ಯಾಸ, ಟೆಕ್ಸಸ್‌ಗಿಂತ ಮೈಸೂರಿಗೆ ಫೋನ್ ಮಾಡೋದು ಸುಲಭ. ಹಾಗಂತ ಎರಡು ದಿನ ಫೋನ್ ಬರದಿದ್ದರೆ ಗಾಬರಿ ಬೀಳಬೇಡಿ. ಯಾರಿಗಾದರೂ ಏನಾದರೂ ಆದಾಗ ಅವರ ಮನೆಯವರಿಗೆ ತಿಳಿಸುವ ತನಕ ಎಲ್ಲರ ಇಂಟರ್ನೆಟ್ ಕಟ್ ಮಾಡುವುದುಂಟು. ಆ ಹೊತ್ತಿನಲ್ಲಿ ಟಿವಿ ನ್ಯೂಸ್ ಹಾಕಿಕೊಂಡು ಕೂರುವುದು ಎಲ್ಲಕ್ಕಿಂತ ಕೆಟ್ಟದ್ದು. ಪಾರ್ಸಲ್ ಕಳಿಸಬೇಕಾದರೆ ಅಮೆರಿಕದ ಮನೆಗೆ ಕಳಿಸಿ. ಅಲ್ಲಿಂದ ಎಪಿಒ (ಸೇನಾ ಅಂಚೆ) ವಿಳಾಸಕ್ಕೆ ಅಂಚೆ ಕಚೇರಿಯಲ್ಲೇ ಹಾಕಬೇಕು, ಅಮೆರಿಕದೊಳಗಿನ ದರವೇ ಸಾಕು. ಚಟ್ನಿಪುಡಿ, ಕೋಡುಬಳೆ ಸರಿ. ಮೈಸೂರು ಪಾಕ್ ಆ ಬಿಸಿಲಿಗೆ ತುಪ್ಪ ಬಿಟ್ಟು ಪೆಟ್ಟಿಗೆಯೆಲ್ಲ ಜಿಡ್ಡಾಗುತ್ತದೆ.

ಊರಿನಲ್ಲಿ ಅಮ್ಮನಿಗೆ ಸೀರಿಯಸ್ ಆದರೆ ಮಗನಿಗೆ ಫೋನ್ ಮಾಡಿದರಷ್ಟೇ ಸಾಲದು, ರಜೆಗೆ ಅದು ಆಧಾರ ಆಗಲ್ಲ. ಅಮೆರಿಕನ್ ರೆಡ್ ಕ್ರಾಸ್‌ಗೆ, 1-877-272-7337ಕ್ಕೆ, ತಿಳಿಸಬೇಕು. ಅಲ್ಲಿರುವ ಸೊಸೆಯೋ ಸ್ನೇಹಿತರೋ ಮಾಡಿದರೆ ಸುಲಭ. ಸಿಪಾಯಿಯ ಪೂರ್ತಿ ಹೆಸರು, ರ‍್ಯಾಂಕ್, ಹುಟ್ಟಿದ ದಿನ, ತುಕಡಿ, ಜೊತೆಗೆ ಆಸ್ಪತ್ರೆ ಮತ್ತು ಡಾಕ್ಟರ ಫೋನ್ ನಂಬರು ಕೇಳುತ್ತಾರೆ. ಮಂಡ್ಯದ ಮಿಮ್ಸ್ ಆಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ, ವಿಚಾರಿಸಿ ಖಚಿತ ಮಾಡಿಕೊಂಡೇ ತುಕಡಿಗೆ ಸುದ್ದಿ ಮುಟ್ಟಿಸುತ್ತಾರೆ. ಹಾಗಾಗಿ ವಾರ್ಡಿನ ನಂಬರು, ಇಂಗ್ಲಿಷ್ ಮಾತಾಡುವ ಡಾಕ್ಟರ ಹೆಸರು ಬರೆದಿಟ್ಟುಕೊಳ್ಳಿ. ರಜೆ ಕೊಡುವುದು ಬಿಡುವುದು ಕಮಾಂಡರ್‌ಗೆ ಬಿಟ್ಟದ್ದು. ಸೋದರಮಾವ ಎಷ್ಟೇ ಹತ್ತಿರದವರಾದರೂ ಈ ಲೆಕ್ಕಕ್ಕೆ ಬರಲ್ಲ.

ರಜೆ ಸಿಕ್ಕಿದರೂ ಒಂದು ತೊಡಕು ಉಳಿಯುತ್ತದೆ. ಸೇನೆಯಲ್ಲಿದ್ದುಕೊಂಡು ಅಮೆರಿಕದ ಪೌರತ್ವ ಪಡೆದವರ ಭಾರತದ ಪಾಸ್‌ಪೋರ್ಟ್ ಹೋಗಿರುತ್ತದೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಸಿಗಲ್ಲ. ವಿದೇಶಿ ಸೇನೆಯಲ್ಲಿ ಇರುವವರಿಗೂ ನಿವೃತ್ತರಾದವರಿಗೂ ಒಸಿಐ ಕೊಡಬಾರದು ಅನ್ನೋದು ಭಾರತದ ನಿಯಮ. ಅಂದರೆ ಸ್ವಂತ ಊರಿಗೆ ಬರಲೂ ವೀಸಾ ಬೇಕು. ವೀಸಾ ಅರ್ಜಿಯಲ್ಲಿ ಸೇನೆಯಲ್ಲಿದ್ದೀರಾ ಅಂತ ನೇರವಾಗಿ ಕೇಳುತ್ತಾರೆ, ಮುಚ್ಚಿಡಬೇಡಿ. ಆರ್ಡರ್ ಕೈಗೆ ಬಂದ ವಾರವೇ ಅರ್ಜಿ ಹಾಕಿ, ವೀಸಾ ಹಾಕಿಸಿದ ಪಾಸ್‌ಪೋರ್ಟನ್ನು ಜೊತೆಗೇ ತೆಗೆದುಕೊಂಡು ಹೋಗಿ.